ಗೋಮಾಳಕ್ಕೆ ಯಾವ ಗಿಡ?

ಜೂನ್ ತಿಂಗಳು ಬಂತೆಂದರೆ ಶಾಲೆ ಕಾಲೇಜುಗಳಲ್ಲಿ ಗಿಡ ನೆಡುವ ಸಂಭ್ರಮ. ಶಾಲೆಯ ಆವರಣದಲ್ಲಿ ಜಾಗ ಸಾಲದಿದ್ದರೆ ಊರಿನ ಗೋಮಾಳಕ್ಕೆ ಹೋಗುತ್ತೇವೆ. ದನಕರು ಮೇಯ್ದು ಮೇಯ್ದು ಬೋಳಾದ ನೆಲ, ಅಲ್ಲಿ ಕಾಡು ಬೆಳೆಸಿದರೆ ಒಳ್ಳೆಯದೇ ಅಲ್ಲವೇ ಎಂದು ಅನ್ನಿಸುವುದು ಸಹಜ. ಆದರೆ ಗುಂಡಿ ತೋಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ನೆಲದಲ್ಲಿ ಹಿಂದೆ ಏನಿತ್ತು? ಇಲ್ಲಿ ಬೀಳುವ ಮಳೆ ಎಷ್ಟು? ಈ ನೆಲವನ್ನು ನಂಬಿಕೊಂಡು ಬದುಕುವವರು ಯಾರು? ಈ ಪ್ರಶ್ನೆಗಳನ್ನು ಕೇಳದೆ ಗಿಡ ನೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ತುಂಗಭದ್ರಾ ನದಿಯ ಎರಡೂ ದಡಗಳ ಇತ್ತೀಚಿನ ಚರಿತ್ರೆಯೇ ಅದನ್ನು ಹೇಳುತ್ತದೆ.

ಮಳೆ ಹಾಕಿದ ಗಡಿ

ಹೊನ್ನಾಳಿಯನ್ನೇ ತೆಗೆದುಕೊಳ್ಳಿ. ತುಂಗಾ ಮತ್ತು ಭದ್ರಾ ನದಿಗಳು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಮಳೆಕಾಡುಗಳ ನಡುವೆ ಹರಿದು, ಕೂಡ್ಲಿಯಲ್ಲಿ ಒಂದಾಗಿ ಹೊನ್ನಾಳಿಗೆ ಬರುತ್ತವೆ. ತುಂಗಾ ಕಣಿವೆಯ ನೆತ್ತಿಯ ಮೇಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 100 ಕಿಲೋಮೀಟರು ದೂರದ ಹೊನ್ನಾಳಿಯ ಬಯಲಿನಲ್ಲಿ ಬೀಳುವುದು ಅದರ ಹತ್ತರಲ್ಲೊಂದು ಭಾಗ ಮಾತ್ರ. ಪೂರ್ವಕ್ಕೆ ಜಗಳೂರಿನತ್ತ ಹೋದಂತೆ ಮಳೆ ಇನ್ನೂ ಕಡಿಮೆಯಾಗುತ್ತದೆ.

ಆದ್ದರಿಂದ ಒಂದೇ ನದಿಯ ದಂಡೆಯಲ್ಲಿ ಮೂರು ಬಗೆಯ ಸಸ್ಯವರ್ಗವನ್ನು ನೀವು ಕಾಣಬಹುದು. ಘಟ್ಟದ ಮೇಲೆ ವರ್ಷವಿಡೀ ಹಸಿರಾಗಿರುವ ಮಳೆಕಾಡು. ಅಲ್ಲಿ ಸಾಲುಧೂಪ, ಹೆಬ್ಬಲಸು, ನಾಗಸಂಪಿಗೆ, ರಾಮಪತ್ರೆ. ನ್ಯಾಮತಿ ಮತ್ತು ಚನ್ನಗಿರಿಯ ಗುಡ್ಡಗಳಲ್ಲಿ ಬೇಸಗೆಗೆ ಎಲೆಯುದುರಿಸುವ ಕಾಡು. ಅಲ್ಲಿ ಮತ್ತಿ, ಹೊನ್ನೆ, ದಿಂಡಿಗ, ಕಕ್ಕೆ, ಮುತ್ತುಗ. ಜಗಳೂರಿನ ಒಣ ಭೂಮಿಯಲ್ಲಿ ತುಗ್ಗಲಿ, ಕಗ್ಗಲಿ, ಬಾರೆ, ಜಾಲಿಗಳ ಕುರುಚಲು, ನಡುನಡುವೆ ಹುಲ್ಲಿನ ಬಯಲು. ಈ ಮೂರೂ ಸಹಜ ಸಸ್ಯವರ್ಗಗಳೇ. ಮಳೆಕಾಡು ಉತ್ತಮ, ಕುರುಚಲು ಕಾಡು ಕೀಳು ಎಂಬ ಭೇದವನ್ನು ನಿಸರ್ಗ ಮಾಡುವುದಿಲ್ಲ. ಘಟ್ಟದಲ್ಲಿ ದನದ ಬೇಣವಾಗಿದ್ದ ನೆಲಕ್ಕೆ ಮಳೆಕಾಡನ್ನು ಮರಳಿ ತರುವುದು ಸಾಧ್ಯ. ಹೊನ್ನಾಳಿಯ ಗೋಮಾಳದಲ್ಲಿ ಅದೇ ಕೆಲಸ ಮಾಡಹೊರಟರೆ ಸಸಿಗಳು ಮೊದಲ ಬೇಸಗೆಯನ್ನೇ ದಾಟುವುದಿಲ್ಲ. ಇಲ್ಲಿ ಮರಳಿ ತರಬೇಕಾದದ್ದು ಬೇರೆಯೇ ಕಾಡು.

ಕಾವಲು ಎಂಬ ವ್ಯವಸ್ಥೆ

ಈ ಸೀಮೆಯಲ್ಲಿ ಮೇವಿನ ನೆಲಕ್ಕೆ ದೊಡ್ಡ ಚರಿತ್ರೆಯೇ ಇದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1672-1704) ಅರಮನೆಯ ಹಸುಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ನಡೆಸುತ್ತಿದ್ದರು. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟ. ಫಿರಂಗಿ ಮತ್ತು ಸಾಮಾನು ಎಳೆಯುವ ಎತ್ತುಗಳು ಇಲ್ಲಿಂದ ಸೈನ್ಯಕ್ಕೆ ಹೋಗುತ್ತಿದ್ದವು. 1799ರ ನಂತರ ಈ ಹಿಂಡುಗಳು ಬ್ರಿಟಿಷರ ಕೈಸೇರಿದವು. ಖರ್ಚು ಉಳಿಸಲೆಂದು 1860ರಲ್ಲಿ ಹಿಂಡುಗಳನ್ನು ವಿಸರ್ಜಿಸಿದರು. ಆಮೇಲೆ ಸೈನ್ಯಕ್ಕೆ ಒಳ್ಳೆಯ ಎತ್ತುಗಳು ಸಿಗದೆ 1866ರಲ್ಲಿ ಮತ್ತೆ ಆರಂಭಿಸಬೇಕಾಯಿತು. ಚನ್ನಗಿರಿಗೆ ಸಮೀಪದ ಅಜ್ಜಂಪುರದಲ್ಲಿ ಈಗಲೂ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ.

ಈ ಹಿಂಡುಗಳಿಗೆಂದು ಕಾದಿರಿಸಿದ ಲಕ್ಷಾಂತರ ಎಕರೆ ಹುಲ್ಲುಗಾವಲುಗಳಿಗೆ 'ಕಾವಲು' ಎಂದು ಹೆಸರು. ಹೆಸರನ್ನು ಗಮನಿಸಿ. ಕಾವಲು ಎಂದರೆ ಕಾಯುವುದು. ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ಹಿಂಡುಗಳನ್ನು ಒಂದರಿಂದ ಒಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಒಂದು ಕಾವಲಿನಲ್ಲಿ ದನ ಮೇಯುತ್ತಿದ್ದಾಗ ಇನ್ನೊಂದು ಕಾವಲಿನ ಹುಲ್ಲು ಹೂ ಬಿಟ್ಟು, ಬೀಜ ಉದುರಿಸಿ, ಬೇರಿನಲ್ಲಿ ಆಹಾರ ಕೂಡಿಟ್ಟುಕೊಳ್ಳುತ್ತಿತ್ತು. ಇಂದಿನ ಹುಲ್ಲುಗಾವಲು ವಿಜ್ಞಾನ ಆವರ್ತನ ಮೇಯಿಸುವಿಕೆ ಎಂದು ಕರೆಯುವುದು ಇದನ್ನೇ. ನೆಲವನ್ನು ಹಾಳು ಮಾಡುವುದು ಮೇಯುವಿಕೆಯಲ್ಲ, ಬಿಡುವಿಲ್ಲದ ಮೇಯುವಿಕೆ.

ಸ್ವಾತಂತ್ರ್ಯದ ನಂತರ ಈ ಬಿಡುವು ತಪ್ಪಿತು. ಕಾವಲು ಮತ್ತು ಗೋಮಾಳಗಳು ಸಾಗುವಳಿಗೆ, ನಿವೇಶನಕ್ಕೆ, ಯೋಜನೆಗಳಿಗೆ ಹಂಚಿಹೋದವು. ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ ಅವರು ಕರ್ನಾಟಕವೂ ಸೇರಿ 7 ರಾಜ್ಯಗಳ ಒಣ ಪ್ರದೇಶದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. 1950ರ ದಶಕದ ಆರಂಭದಿಂದ 1980ರ ದಶಕದ ಆರಂಭದವರೆಗೆ ಸಾಮೂಹಿಕ ಭೂಮಿ ಸುಮಾರು ಮೂರನೇ ಒಂದರಿಂದ ಅರ್ಧದಷ್ಟು ಕುಗ್ಗಿದೆ ಎಂದು ಅದು ತೋರಿಸಿತು. ಉಳಿದ ಚೂರು ನೆಲದ ಮೇಲೆ ಹಳ್ಳಿಯ ದನ, ಕುರಿ, ಮೇಕೆಗಳೆಲ್ಲ ವರ್ಷವಿಡೀ ಮೇಯತೊಡಗಿದವು. ನೆಲ ಬೋಳಾಯಿತು. ಬೋಳಾದ ನೆಲಕ್ಕೆ ಸರ್ಕಾರಿ ಕಡತಗಳಲ್ಲಿ 'ಪಾಳು ಭೂಮಿ' ಎಂಬ ಹೆಸರು ಬಿತ್ತು.

ನೀಲಗಿರಿ ಬಂದ ದಾರಿ

ಪಾಳು ಎಂದ ಮೇಲೆ ಅದನ್ನು ಹಸಿರು ಮಾಡಬೇಕಲ್ಲ! ಅದಕ್ಕೆ ಆಯ್ಕೆಯಾದದ್ದು ಆಸ್ಟ್ರೇಲಿಯಾ ಮೂಲದ ನೀಲಗಿರಿ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಬಂದಿತೆಂದು ಹೇಳಲಾಗುವ ಈ ಮರ ಬಹುಕಾಲ ತೋಟದ ಅಲಂಕಾರವಾಗಿಯೇ ಇತ್ತು. 1950ರ ದಶಕದಿಂದೀಚೆಗೆ 'ಮೈಸೂರು ಗಮ್' ಎಂಬ ಬಗೆಯನ್ನು ಅರಣ್ಯ ಇಲಾಖೆ ದೊಡ್ಡ ಪ್ರಮಾಣದಲ್ಲಿ ನೆಟ್ಟಿತು. ಅರಣ್ಯಾಧಿಕಾರಿಗಳ ಆಯ್ಕೆಗೆ ಕಾರಣಗಳಿದ್ದವು. ಬೇಗ ಬೆಳೆಯುತ್ತದೆ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಎಂಟು ಹತ್ತು ವರ್ಷಕ್ಕೆ ಕಟಾವಿಗೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ದನ ಇದರ ಎಲೆಯನ್ನು ಮುಟ್ಟುವುದಿಲ್ಲ, ಬೇಲಿಯ ಖರ್ಚಿಲ್ಲ.

ಈ ಕೊನೆಯ ಗುಣವನ್ನೇ ದನ ಕಾಯುವವನ ಕಡೆಯಿಂದ ನೋಡಿ. ದನ ತಿನ್ನದ ಮರ ಗೋಮಾಳವನ್ನು ತುಂಬಿದರೆ ಅದು ಗೋಮಾಳವಾಗಿ ಉಳಿಯುವುದಿಲ್ಲ. ಇಲಾಖೆಗೆ ಅನುಕೂಲವೆನಿಸಿದ ಗುಣವೇ ಹಳ್ಳಿಗೆ ನಷ್ಟವಾಯಿತು.

1983-84ರ ಸುಮಾರಿಗೆ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ರಾಜ್ಯದಲ್ಲಿ ಆರಂಭವಾಯಿತು. ಹಳ್ಳಿಗೆ ಸೌದೆ, ಮೇವು ಒದಗಿಸುವುದು ಅದರ ಘೋಷಿತ ಉದ್ದೇಶ. ಆದರೆ ನರ್ಸರಿಗಳಲ್ಲಿ ಬಹುಪಾಲು ಬೆಳೆದದ್ದು ನೀಲಗಿರಿ ಸಸಿಗಳು. ಕೋಲಾರದ ಕಡೆ ರಾಗಿ ಹೊಲಗಳೂ ನೀಲಗಿರಿ ತೋಪುಗಳಾದವು. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ಕೆಲವು ಹಳ್ಳಿಗಳ ರೈತರು ಅರಣ್ಯ ನರ್ಸರಿಗೆ ನುಗ್ಗಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಊರಿದರು. ಮರುತಿಂಗಳೇ, ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿಯ 'ಉಳಿಸು, ಬೆಳೆಸು, ಬಳಸು' ಎಂಬ ಮೂರು ಮಾತುಗಳಲ್ಲಿ ನಡುವಿನದು ನಮ್ಮ ವಿಷಯಕ್ಕೆ ಸೇರಿದ್ದು. ಕಾಡನ್ನು ಉಳಿಸಿದರಷ್ಟೇ ಸಾಲದು, ಬೋಳಾದ ನೆಲದಲ್ಲಿ ಮತ್ತೆ ಬೆಳೆಸಬೇಕು, ಅದು ಜನರ ಬಳಕೆಗೆ ಒದಗಬೇಕು.

ಕಿತ್ತಿಕೋ-ಹಚ್ಚಿಕೋ

ಹೊನ್ನಾಳಿಯಿಂದ ಹೊಳೆಯ ಜೊತೆಯಲ್ಲೇ ಕೆಳಗಿಳಿದರೆ ಹರಿಹರ. ಅದರ ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆ ಕೆಲಸ ಆರಂಭಿಸಿತು. ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತಯಾರಿಸುವುದು ಅದರ ಕೆಲಸ. ಕಾರ್ಖಾನೆಗೆ ಮರ ಬೇಕು. ಮರಕ್ಕೆ ನೆಲ ಬೇಕು. 1984ರ ನವೆಂಬರ್ 14ರಂದು ರಾಜ್ಯ ಸರ್ಕಾರ ಮತ್ತು ಕಾರ್ಖಾನೆ ಒಂದು ಒಪ್ಪಂದಕ್ಕೆ ಸಹಿ ಹಾಕಿ 'ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್' ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿದವು. ಸರ್ಕಾರದ ಪಾಲು ಶೇಕಡ 51, ಕಾರ್ಖಾನೆಯದು ಶೇಕಡ 49. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಒಟ್ಟು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಗುರುತಿಸಲಾಯಿತು. ಬಾಡಿಗೆ ವರ್ಷಕ್ಕೆ ಎಕರೆಗೆ 1 ರೂಪಾಯಿ. ಬೆಳೆದ ಮರದಲ್ಲಿ ಶೇಕಡ 87.5 ಭಾಗ ನೇರವಾಗಿ ಕಾರ್ಖಾನೆಗೆ. ಆಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೇ ಸೇರಿದ್ದವು ಎಂಬುದನ್ನು ನೆನಪಿಡಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ.

ಕಡತದಲ್ಲಿ ಈ ಭೂಮಿ ಸರ್ಕಾರದ್ದು. ಆದರೆ ಹಳ್ಳಿಯವರು ದನ ಮೇಯಿಸುತ್ತಿದ್ದುದು, ಸೌದೆ ಆರಿಸುತ್ತಿದ್ದುದು, ಮನೆಗೆ ಹುಲ್ಲು, ಬುಟ್ಟಿಗೆ ಬಳ್ಳಿ, ಮಕ್ಕಳಿಗೆ ಬಾರೆ ಮತ್ತು ಕವಳೆ ಹಣ್ಣು ತರುತ್ತಿದ್ದುದು ಅಲ್ಲಿಂದಲೇ. ಜಮೀನಿಲ್ಲದ ಮನೆಗೆ ಎರಡು ಮೇಕೆ ಸಾಕಲು ಇದ್ದ ಆಧಾರ ಅದೊಂದೇ.

ಎಸ್. ಆರ್. ಹಿರೇಮಠ ಅವರ ನೇತೃತ್ವದ ಸಮಾಜ ಪರಿವರ್ತನ ಸಮುದಾಯ ಈ ವಿಷಯವನ್ನು ಎತ್ತಿಕೊಂಡಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಗೆ ಡಾ. ಕೆ. ಶಿವರಾಮ ಕಾರಂತರೂ ಸಹಿ ಹಾಕಿದರು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ಭೂಮಿಯ ಹಸ್ತಾಂತರಕ್ಕೆ ತಡೆಯಾಜ್ಞೆ ನೀಡಿತು. ಅದೇ ವರ್ಷ ನವೆಂಬರ್ 14ರಂದು, ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಆಗಿನ ಧಾರವಾಡ ಜಿಲ್ಲೆಯ (ಈಗ ಹಾವೇರಿ ಜಿಲ್ಲೆ) ಕುಸನೂರಿನಲ್ಲಿ ಸುಮಾರು 2000 ಜನ ಸೇರಿದರು. ಅಹಿಂಸೆಯ ಪ್ರತಿಜ್ಞೆ ಮಾಡಿ, ಸಸಿಗಳನ್ನು ಹಿಡಿದು, ವಾದ್ಯದೊಂದಿಗೆ ವಿವಾದದ ನೆಲಕ್ಕೆ ನಡೆದರು. ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತರು. ಅಲ್ಲಿ ಹಣ್ಣು ಮತ್ತು ಮೇವು ಕೊಡುವ ಸ್ಥಳೀಯ ಗಿಡಗಳನ್ನು ನೆಟ್ಟರು. ನೆಟ್ಟ ಸಸಿಗೆ ನೀರೆರೆದು ಕಾಯುವುದಾಗಿ ಮಾತು ಕೊಟ್ಟು ಚದುರಿದರು. ಆ ಸೀಮೆಯ ಮಾತಿನಲ್ಲಿ ಗಿಡ ಹಚ್ಚುವುದು ಎಂದರೆ ನೆಡುವುದು. ಆದ್ದರಿಂದ ಇದಕ್ಕೆ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಎಂದೇ ಹೆಸರಾಯಿತು.

ನೂರು ಸಸಿ ಕಿತ್ತರೆ ಕಂಪನಿಗೆ ಆಗುವ ನಷ್ಟ ಅತ್ಯಲ್ಪ. ಆದರೆ ಈ ನೆಲ ಪಾಳಲ್ಲ, ಇದಕ್ಕೆ ಬಳಕೆದಾರರಿದ್ದಾರೆ, ಇಲ್ಲಿ ಏನು ಬೆಳೆಯಬೇಕೆಂದು ಅವರನ್ನೂ ಕೇಳಬೇಕು ಎಂಬ ಮಾತು ಅಂದು ರಾಜ್ಯಕ್ಕೆಲ್ಲ ಕೇಳಿಸಿತು. 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು. 1993ರಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿ ಗ್ರಾಮ ಅರಣ್ಯ ಸಮಿತಿಗಳಿಗೆ ದಾರಿ ಮಾಡಿತು. ಹಾಗೆಂದು ಎಲ್ಲವೂ ಸರಿಹೋಯಿತೆಂದಲ್ಲ. ಹಲವೆಡೆ ನೀಲಗಿರಿ ಹೋದ ಜಾಗಕ್ಕೆ ಅದೇ ಆಸ್ಟ್ರೇಲಿಯಾದ ಅಕೇಶಿಯ ಬಂದು ಕೂತಿತು. ನೀಲಗಿರಿಯನ್ನು ಹೊಸದಾಗಿ ನೆಡುವುದಕ್ಕೆ ರಾಜ್ಯದಲ್ಲಿ ನಿಷೇಧ ಬಂದದ್ದು 2017ರಲ್ಲಿ.

ನೀರಿನ ಲೆಕ್ಕ

ನೀಲಗಿರಿ ನೀರನ್ನೆಲ್ಲ ಹೀರುತ್ತದೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಇದರಲ್ಲಿ ಎಷ್ಟು ನಿಜ? ಈ ವಿವಾದ ಕಾವೇರಿದ್ದಾಗಲೇ ಕರ್ನಾಟಕ ಅರಣ್ಯ ಇಲಾಖೆ ಮತ್ತು ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಳತೆಗೆ ತೊಡಗಿದರು. ಶಿವಮೊಗ್ಗ ಬಳಿಯ ದೇವಬಾಳ ಮತ್ತು ಪುರದಾಳ, ಬೆಂಗಳೂರು ಬಳಿಯ ಹೊಸಕೋಟೆ ಅವರ ಪ್ರಯೋಗದ ತಾಣಗಳು. ಮಣ್ಣಿನ ತೇವವನ್ನು ನ್ಯೂಟ್ರಾನ್ ಮಾಪಕದಿಂದಲೂ, ಮರ ಮೇಲೆತ್ತುವ ನೀರನ್ನು ಡ್ಯೂಟೀರಿಯಂ ಎಂಬ ಭಾರಜಲಜನಕವನ್ನು ಗುರುತಾಗಿ ಬಳಸಿಯೂ ಅಳೆದರು.

ಫಲಿತಾಂಶ ಎರಡೂ ಪಕ್ಷದವರಿಗೆ ಪಾಠವಾಗಿತ್ತು. ಮಣ್ಣಿನ ಆಳ ಸಾಧಾರಣವಾಗಿದ್ದ ಶಿವಮೊಗ್ಗದ ತಾಣಗಳಲ್ಲಿ ನೀಲಗಿರಿ ಬಳಸಿದ ನೀರು ಪಕ್ಕದ ಎಲೆಯುದುರುವ ಕಾಡು ಬಳಸಿದಷ್ಟೇ. ಎರಡೂ ಹೆಚ್ಚುಕಡಿಮೆ ವರ್ಷದ ಮಳೆಯಷ್ಟನ್ನೂ ಬಳಸುತ್ತಿದ್ದವು. ಆದರೆ ಮಣ್ಣು ಆಳವಾಗಿದ್ದ ಹೊಸಕೋಟೆಯಲ್ಲಿ ನೀಲಗಿರಿ, ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿತು. ಬೇರುಗಳು ವರ್ಷವರ್ಷವೂ ಕೆಳಗಿಳಿದು ಹಿಂದಿನ ಕಾಲದಲ್ಲಿ ಮಣ್ಣಿನಲ್ಲಿ ಕೂಡಿದ್ದ ತೇವವನ್ನೂ ಎತ್ತಿಕೊಂಡವು. ಅಂದರೆ ಮರದ ಜಾತಿಯೊಂದನ್ನೇ ನೋಡಿದರೆ ಸಾಲದು, ಮಣ್ಣಿನ ಆಳ, ಮಳೆ ಮತ್ತು ಮೊದಲು ಅಲ್ಲಿದ್ದ ಬೆಳೆ ಇವೂ ಉತ್ತರವನ್ನು ನಿರ್ಧರಿಸುತ್ತವೆ. ರಾಗಿ ಅಥವಾ ಹುಲ್ಲಿದ್ದ ನೆಲಕ್ಕೆ ದಟ್ಟವಾಗಿ ಯಾವ ಮರ ನೆಟ್ಟರೂ ಮಣ್ಣಿನಿಂದ ಆವಿಯಾಗಿ ಹೋಗುವ ನೀರು ಹೆಚ್ಚುತ್ತದೆ. ನೀಲಗಿರಿ ತೋಪಿನ ಮುಖ್ಯ ಕೊರತೆ ಬೇರೆ ಕಡೆ ಇದೆ. ಒಂದೇ ಜಾತಿ, ಒಂದೇ ವಯಸ್ಸು, ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಮೇವಿಲ್ಲ, ಕೆಳಗೆ ಬೇರೆ ಗಿಡ ಹುಟ್ಟುವುದು ಕಡಿಮೆ. ಅದು ಬೆಳೆಯೇ ಹೊರತು ಕಾಡಲ್ಲ.

ಕಾಡು ಮರಳುವ ಬಗೆ

ಹಾಗಾದರೆ ಮೇಯ್ದು ಬೋಳಾದ ನೆಲಕ್ಕೆ ಕಾಡು ಹೇಗೆ ಮರಳುತ್ತದೆ? ಒಣ ಸೀಮೆಯಲ್ಲಿ ಅದರ ಅರ್ಧ ಕೆಲಸ ನೆಲದೊಳಗೆ ಆಗಲೇ ಮುಗಿದಿರುತ್ತದೆ. ಮುತ್ತುಗ, ದಿಂಡಿಗ, ಕಗ್ಗಲಿಯಂಥ ಮರಗಳನ್ನು ಕಡಿದರೂ, ಮೇಯ್ದರೂ ಬೇರು ಬಹುಕಾಲ ಜೀವಂತವಾಗಿರುತ್ತದೆ. ಪ್ರತಿ ಮಳೆಗೂ ಚಿಗುರುತ್ತದೆ, ಮೇಕೆ ಕಚ್ಚುತ್ತದೆ, ಮತ್ತೆ ಚಿಗುರುತ್ತದೆ. ಬೆಂಕಿ ಮತ್ತು ಬಾಯಿಯಿಂದ ಕೆಲವು ವರ್ಷ ರಕ್ಷಣೆ ಕೊಟ್ಟರೆ ಈ ಕುಳ್ಳ ಪೊದೆಗಳೇ ಮರಗಳಾಗಿ ಏಳುತ್ತವೆ. ಮೊದಲು ಹುಲ್ಲು ಬಲಿಯುತ್ತದೆ. ಆಮೇಲೆ ತಂಗಡಿ, ಬಂದರಿಕೆ, ಬಾರೆಯ ಪೊದೆಗಳು. ಬಾರೆಯ ಮುಳ್ಳು ಸಹಜ ಬೇಲಿ. ಪಿಕಳಾರದಂಥ ಹಕ್ಕಿಗಳು ಅದರ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಆ ಹಿಕ್ಕೆಯಲ್ಲಿದ್ದ ಬೇವು, ಗಂಧದ ಬೀಜಗಳು ಮುಳ್ಳಿನ ಮರೆಯಲ್ಲಿ, ನೆರಳಿನಲ್ಲಿ ಮೊಳೆಯುತ್ತವೆ. ಇದನ್ನು ನೆರವಿನ ಸಹಜ ಪುನರುತ್ಪತ್ತಿ ಎನ್ನುತ್ತಾರೆ. ಇಲ್ಲಿ ಮನುಷ್ಯನ ಕೆಲಸ ನೆಡುವುದಕ್ಕಿಂತ ಕಾಯುವುದು. ಹಳೆಯ ಕಾವಲಿನ ವಿದ್ಯೆಯೇ ಇದು.

ಮಳೆಕಾಡಿನ ಲೆಕ್ಕ ಬೇರೆ. ಅಲ್ಲಿಯ ಅನೇಕ ಮರಗಳ ಬೀಜಗಳು ದಪ್ಪ, ನೀರು ತುಂಬಿದವು. ಉದುರಿದ ಕೆಲವೇ ದಿನ ಅಥವಾ ವಾರಗಳಲ್ಲಿ ಮೊಳೆಯದಿದ್ದರೆ ಸಾಯುತ್ತವೆ. ಬೇವಿನ ಬೀಜಕ್ಕೆ ಸಣ್ಣ ಹಕ್ಕಿ ಸಾಕು. ರಾಮಪತ್ರೆಯ ಬೀಜವನ್ನು ದೂರ ಒಯ್ಯಲು ಮಂಗಟ್ಟೆಯಂಥ ದೊಡ್ಡ ಹಕ್ಕಿಯೇ ಬೇಕು, ಅದು ಬಯಲಿಗೆ ಬರುವುದಿಲ್ಲ. ಬಂದ ಬೀಜವೂ ಹುಲ್ಲಿನ ಪೈಪೋಟಿ ಮತ್ತು ಬಿಸಿಲಿನಲ್ಲಿ ಬದುಕಬೇಕು. ಆದ್ದರಿಂದ ಅಲ್ಲಿ ನೆಡಲೇಬೇಕಾಗುತ್ತದೆ. ತಮಿಳುನಾಡಿನ ವಾಲ್ಪಾರೈ ಬಳಿ, ಆನೆಮಲೆಯ ಚಹಾ ಮತ್ತು ಕಾಫಿ ತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆ 2000ರ ದಶಕದ ಆರಂಭದಿಂದ ಈ ಕೆಲಸ ಮಾಡುತ್ತಿದೆ. ಲಂಟಾನ ಕಿತ್ತು, ನೂರಕ್ಕೂ ಹೆಚ್ಚು ಸ್ಥಳೀಯ ಜಾತಿಗಳ ಸಸಿಗಳನ್ನು ಬೆರೆಸಿ ನೆಟ್ಟಿದ್ದಾರೆ. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹೀಗೆ ನೆಟ್ಟ ತಾಣಗಳು ತಾವಾಗಿ ಚೇತರಿಸಿಕೊಳ್ಳಲು ಬಿಟ್ಟ ತಾಣಗಳಿಗಿಂತ ಮುಂದಿದ್ದವು. ದೊಡ್ಡ ಕಾಡಿನಿಂದ ದೂರವಿದ್ದಷ್ಟೂ ಈ ಲಾಭ ಹೆಚ್ಚಾಗಿತ್ತು. ಬೀಜ ತಾನಾಗಿ ಬರಲಾರದ ಕಡೆ ಮನುಷ್ಯನೇ ಮಂಗಟ್ಟೆಯ ಕೆಲಸ ಮಾಡಬೇಕು ಎಂದಾಯಿತು.

ಹೊನ್ನಾಳಿಯಂಥ ಒಣ ಸೀಮೆಗೆ ಹತ್ತಿರದ ಹೋಲಿಕೆ ದೂರದ ಕೋಸ್ಟರಿಕದಲ್ಲಿದೆ. ಅಲ್ಲಿಯ ಗ್ವಾನಕಾಸ್ಟೆ ಪ್ರದೇಶದ ಒಣ ಕಾಡನ್ನು ಕಡಿದು ದನದ ಹುಲ್ಲುಗಾವಲು ಮಾಡಿ, ಆಫ್ರಿಕದಿಂದ ತಂದ ಜರಗುವಾ ಹುಲ್ಲು ಬೆಳೆಸಿದ್ದರು. ಆಳೆತ್ತರದ ಈ ಹುಲ್ಲು ಪ್ರತಿ ಬೇಸಗೆಗೆ ಹೊತ್ತಿ ಉರಿದು ಸಸಿಗಳನ್ನು ಸುಡುತ್ತಿತ್ತು. 1980ರ ದಶಕದ ಮಧ್ಯದಲ್ಲಿ ಜೀವಿವಿಜ್ಞಾನಿ ಡೇನಿಯಲ್ ಜಾನ್ಸೆನ್ ಮತ್ತು ಸಂಗಡಿಗರು ಅಲ್ಲಿ ಮುಖ್ಯವಾಗಿ ಮಾಡಿದ ಕೆಲಸ ಬೆಂಕಿ ನಿಲ್ಲಿಸಿದ್ದು. ಹುಲ್ಲು ತಗ್ಗಿಸಲು ಆರಂಭದ ವರ್ಷಗಳಲ್ಲಿ ದನಗಳನ್ನೇ ಮೇಯಲು ಬಿಟ್ಟರು. ಗಾಳಿ, ಹಕ್ಕಿ, ಬಾವಲಿಗಳು ಉಳಿದ ಕಾಡಿನಿಂದ ಬೀಜ ತಂದವು. 1990ರ ದಶಕದ ಕೊನೆಯಲ್ಲಿ ಅಲ್ಲಿನ 3 ಹೆಕ್ಟೇರ್ ಹಾಳು ಹುಲ್ಲುಗಾವಲಿಗೆ ರಸ ಕಾರ್ಖಾನೆಯ ಸುಮಾರು 12,000 ಟನ್ ಕಿತ್ತಳೆ ಸಿಪ್ಪೆ ಸುರಿದರು. ಅದರ ಕೆಳಗೆ ಹುಲ್ಲು ಸತ್ತಿತು, ಮಣ್ಣು ಫಲವತ್ತಾಯಿತು. 16 ವರ್ಷಗಳ ನಂತರ ಆ ಜಾಗದಲ್ಲಿ ನೆಲದ ಮೇಲಿನ ಸಸ್ಯರಾಶಿ ಶೇಕಡ 176ರಷ್ಟು ಹೆಚ್ಚಿದ್ದುದು ಕಂಡುಬಂತು.

ಎಲ್ಲ ಬಯಲಿಗೂ ಮರ ಬೇಕೇ?

ಇನ್ನೊಂದು ಎಚ್ಚರಿಕೆ ಉಳಿದಿದೆ. ಹುಲ್ಲುಗಾವಲೆಲ್ಲ ಕೆಟ್ಟುಹೋದ ಕಾಡಲ್ಲ. ನದಿಯ ಆಚೆಯ ರಾಣೇಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ 119 ಚದರ ಕಿಲೋಮೀಟರು ವಿಸ್ತಾರದ ವನ್ಯಧಾಮ ಘೋಷಿಸಲಾಯಿತು. ಅಲ್ಲಿಯ ಬಯಲು, ಕುರುಚಲುಗಳ ಬಹುಭಾಗವನ್ನು ನೀಲಗಿರಿ ತೋಪು ತುಂಬಿತು. ರಕ್ಷಣೆ ಸಿಕ್ಕಿದ್ದರಿಂದ ಕೃಷ್ಣಮೃಗಗಳು ಉಳಿದುಕೊಂಡವು. ಆದರೆ ತೆರೆದ ಹುಲ್ಲಿನಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವ, ನಮ್ಮ ಜನ ಎರೆಭೂತ ಎಂದು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ ಅಲ್ಲಿಂದ ಕಾಣೆಯಾಯಿತು. ಇದಕ್ಕೆ ಪ್ರತಿಯಾಗಿ ಜಗಳೂರಿನ ರಂಗಯ್ಯನದುರ್ಗವನ್ನು ನೋಡಿ. 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮವಾದ ಈ 77 ಚದರ ಕಿಲೋಮೀಟರಿನ ಕಾಡು ಒಣ ಕುರುಚಲೇ. ದಾರಿಹೋಕರ ಕಣ್ಣಿಗೆ ಅದು ಪಾಳಿನಂತೆ ಕಾಣಬಹುದು. ಕೊಂಡುಕುರಿಗೆ ಅದೇ ಮನೆ.

ಆದ್ದರಿಂದ ಬಯಲಿಗೆ ಬಯಲನ್ನೂ, ಕುರುಚಲಿಗೆ ಕುರುಚಲನ್ನೂ, ಮಳೆಕಾಡಿಗೆ ಮಳೆಕಾಡನ್ನೂ ಮರಳಿಸುವುದೇ ನಿಜವಾದ ಪುನಶ್ಚೇತನ. ಯಾವುದು ಎಲ್ಲಿಗೆ ಎಂದು ತಿಳಿಯಲು ಮಳೆಮಾಪಕ, ಮಣ್ಣಿನ ಗುಂಡಿ, ಊರಿನ ಹಿರಿಯರ ನೆನಪು ಈ ಮೂರನ್ನೂ ಕೇಳಬೇಕು.

ನೀವೂ ಮಾಡಿ ನೋಡಿ

ಪಂಚಾಯಿತಿಯ ಒಪ್ಪಿಗೆ ಪಡೆದು, ದನ ಕಾಯುವವರಿಗೂ ತಿಳಿಸಿ, ಗೋಮಾಳದಲ್ಲಿ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಎರಡು ಚೌಕಗಳನ್ನು ಗುರುತು ಮಾಡಿ. ಒಂದಕ್ಕೆ ಜಾಲಿಮುಳ್ಳಿನ ಬೇಲಿ ಕಟ್ಟಿ, ಇನ್ನೊಂದನ್ನು ಹಾಗೆಯೇ ಬಿಡಿ. ಯಾವುದಕ್ಕೂ ಏನೂ ನೆಡಬೇಡಿ. ಮುಂಗಾರು ಆರಂಭವಾದ ಮೇಲೆ ಪ್ರತಿ ತಿಂಗಳೂ ಎರಡರಲ್ಲಿಯೂ ಹುಲ್ಲಿನ ಎತ್ತರ, ಸಸ್ಯಜಾತಿಗಳ ಸಂಖ್ಯೆ, ಮರದ ಚಿಗುರುಗಳ ಸಂಖ್ಯೆಯನ್ನು ಬರೆದಿಡಿ. ಹೆಸರು ತಿಳಿಯದ ಗಿಡವನ್ನು ಊರಿನ ಕುರಿ ಕಾಯುವ ಅಜ್ಜನಿಗೆ ತೋರಿಸಿ. ಹೆಸರನ್ನಷ್ಟೇ ಅಲ್ಲ, ಅದನ್ನು ಯಾವ ಪ್ರಾಣಿ ಯಾವ ತಿಂಗಳಲ್ಲಿ ತಿನ್ನುತ್ತದೆ ಎಂಬುದನ್ನೂ ಅವರು ಹೇಳಬಲ್ಲರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಿಮ್ಮ ಗೋಮಾಳಕ್ಕೆ ಯಾವ ಗಿಡ ಬೇಕು ಎಂಬುದನ್ನು ಆ ಬೇಲಿಯೊಳಗಿನ ನೆಲವೇ ತೋರಿಸಲು ತೊಡಗಿರುತ್ತದೆ. ಮುಂದಿನ ಜೂನ್ ತಿಂಗಳಿನಲ್ಲಿ ಏನನ್ನು ನೆಡಬೇಕು, ಎಲ್ಲಿ ನೆಡದೆ ಬರಿದೇ ಕಾಯಬೇಕು ಎಂಬುದನ್ನು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ತೀರ್ಮಾನಿಸಿ.